ಆರು ವಾರದ ಕೈಪಟ್ಟಿ

ಕೊಯ್ದು ಹೊಲಿದ ಭುಜಕ್ಕೆ ಕಟ್ಟುವ ಪಟ್ಟಿ ನಾನು. ಆಸ್ಪತ್ರೆಯವರು ಸ್ಲಿಂಗ್ ಅನ್ನುತ್ತಾರೆ, ಮನೆಯವರು ಕೈಪಟ್ಟಿ ಅನ್ನುತ್ತಾರೆ. ಕೈ ಕೂರಿಸಲು ನೀಲಿ ಬಟ್ಟೆಯ ಒಂದು ಚೀಲ, ಕುತ್ತಿಗೆ ಬಳಸಿ ಬರುವ ಒಂದು ಉದ್ದ ಪಟ್ಟಿ, ಚರ್ಮಕ್ಕೆ ಒತ್ತದಿರಲೆಂದು ಆ ಪಟ್ಟಿಗೆ ಸ್ಪಂಜಿನ ಮೆತ್ತೆ, ತುದಿಯಲ್ಲಿ ಚರ್ ಎಂದು ಬಿಡಿಸಿ ಮತ್ತೆ ಅಂಟಿಸುವ ವೆಲ್ಕ್ರೊ. ನನ್ನ ಮೈ ಅಂದರೆ ಇಷ್ಟೇ. ಓದು ಬರಹ ನನಗೆ ತಿಳಿಯದು. ಒಳಮಗ್ಗುಲಲ್ಲಿ ಒಂದೇ ಒಂದು ಅಕ್ಷರ ಅಚ್ಚಾಗಿದೆಯಂತೆ, ಅದು ನನ್ನ ಅಳತೆಯಂತೆ. ಅದೂ ಬೇರೆಯವರು ಹೇಳಿ ಕೇಳಿದ್ದು. ಆದರೆ ನೆನಪು ಗಟ್ಟಿ. ಯಾರು ಯಾವಾಗ ನನ್ನನ್ನು ಕಟ್ಟಿಕೊಂಡರು, ಯಾರು ಯಾವಾಗ ಬಿಚ್ಚಿ ಎಸೆದರು ಅನ್ನುವುದನ್ನು ಒಂದೂ ಮರೆತಿಲ್ಲ.

ಹುಟ್ಟಿದ್ದು ಬೆಟಗೇರಿಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಶಾಲೆಯ ಚೀಲ ಹೊಲಿಯುತ್ತಿದ್ದರು. ಬಟ್ಟೆ ಉಳಿದರೆ ನಮ್ಮನ್ನು ಹೊಲಿಯುತ್ತಿದ್ದರು. ನನ್ನನ್ನು ಹೊಲಿದವಳು ಜೈತೂನಬಿ ಎಂಬ ಹೆಂಗಸು. ಹೊಲಿದು ಮುಗಿದ ಪ್ರತಿಯೊಂದು ಪಟ್ಟಿಯನ್ನೂ ತನ್ನ ಕೊರಳಿಗೆ ಹಾಕಿಕೊಂಡು, ಕೈ ತೂರಿಸಿ, ಮೂರು ಸಲ ಜಗ್ಗಿ ನೋಡುತ್ತಿದ್ದಳು. "ಹೊಲಿಗಿ ಬಿಚ್ಚಿದ್ರ ನನ್ನ ಮ್ಯಾಲ ಬರ್ತದ," ಅನ್ನುವಳು. ಕಣ್ಣು ಬಿಟ್ಟ ಗಳಿಗೆಯಲ್ಲೇ ನನ್ನನ್ನು ಅನುಮಾನದಿಂದ ಜಗ್ಗಿದರು. ಅದಕ್ಕೇ ಇರಬೇಕು, ನಾನೂ ಯಾರನ್ನೂ ಬೇಗ ನಂಬುವುದಿಲ್ಲ.

ಅಲ್ಲಿಂದ ಊರಿನ ಒಂದು ಆಸ್ಪತ್ರೆಯ ಕಪಾಟಿಗೆ ಬಂದೆ. ಅಲ್ಲಿ ಎಲುಬಿನ ಡಾಕ್ಟರು ಹೆಬ್ಬಳ್ಳಿಯವರು. ಸವೆದುಹೋದ ಭುಜದ ಕೀಲು ತೆಗೆದು ಲೋಹದ ಕೀಲು ಕೂರಿಸುವುದರಲ್ಲಿ ಅವರ ಕೈ ಒಳ್ಳೆಯದು ಎಂದು ಸುತ್ತ ಹಳ್ಳಿಗಳಲ್ಲಿ ಹೆಸರು. ನನ್ನನ್ನು ಕಪಾಟಿನಿಂದ ತೆಗೆದು ಅವರು ಕಟ್ಟಿದ್ದು ನೀಲವ್ವ ಎಂಬ ಎಪ್ಪತ್ನಾಲ್ಕು ವರ್ಷದ ಹೆಂಗಸಿನ ಬಲಗೈಗೆ.

"ಆರು ವಾರ, ಅಮ್ಮಾವ್ರ. ಜಳಕದ ಹೊತ್ತು ಬಿಟ್ರ ಬಿಚ್ಚಂಗಿಲ್ಲ," ಎಂದರು ಡಾಕ್ಟರು. ಒಂದು ಹಾಳೆಯನ್ನೂ ಕೊಟ್ಟರು. ಅದರಲ್ಲಿ ನಲವತ್ತೆರಡು ಚೌಕ. ಕಟ್ಟಿದ ದಿನ ಚೌಕದಲ್ಲಿ ಒಂದು ಗೀಟು, ಕಟ್ಟದ ದಿನ ಖಾಲಿ. "ಎಲ್ಲಾರಿಗೂ ಕೊಡಾಕತ್ತೀನಿ. ಯಾರು ಎಷ್ಟು ದಿನ ಕಟ್ಟಿದ್ರು, ಯಾರ ಕೈ ಹೆಂಗ ಬಂತು, ನಾನೂ ತಿಳಕೋಬೇಕಾಗೇತಿ."

ನನಗೆ ಆ ಮಾತು ಹಿಡಿಸಲಿಲ್ಲ. ಕಟ್ಟಲು ಹೇಳಿದವರೇ ತಿಳಿದುಕೊಳ್ಳಬೇಕು ಅನ್ನುತ್ತಾರಲ್ಲ, ಇವರಿಗೆ ನನ್ನ ಮೇಲೆ ನಂಬಿಕೆ ಇದೆಯೋ ಇಲ್ಲವೋ?

ನೀಲವ್ವ ಒಂಬತ್ತು ದಿನ ನನ್ನನ್ನು ಚೆನ್ನಾಗಿಯೇ ಇಟ್ಟುಕೊಂಡಳು. ನೋವಿತ್ತು, ಅದಕ್ಕೆ. ಹತ್ತನೆಯ ದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಳು. ಆಸ್ಪತ್ರೆಯಿಂದ ಬಂದಂದಿನಿಂದ ಸೊಸೆ ಭಾರತಿಯೇ ಪಕ್ಕದಲ್ಲಿ ಕೂತು ಹೂವು ಏರಿಸುತ್ತಿದ್ದಳು. ಅವತ್ತು ನೀಲವ್ವ ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಹೊಟ್ಟೆಗೆ ಕಟ್ಟಿದ ಬಲಗೈಯನ್ನು ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಚರ್!

"ಡಾಕ್ಟರ್ ಹೇಳಿದ್ದು ಮನಷ್ಯಾರ ಕೆಲಸಕ್ಕ," ಎಂದು ತನಗೆ ತಾನೇ ಹೇಳಿಕೊಂಡಳು.

ಪೂಜೆ ಮುಗಿದ ಮೇಲೆ ನನ್ನನ್ನು ಕಟ್ಟಿಕೊಳ್ಳುತ್ತಾಳೆ ಅಂದುಕೊಂಡೆ. ಅಡಿಗೆಮನೆ ಬಾಗಿಲ ಹಿಂದಿನ ಗೂಟಕ್ಕೆ ತಗುಲಿಹಾಕಿದಳು. ಮರುದಿನ ಮೆಲ್ಲಗೆ ಹಿಟ್ಟು ನಾದಿದಳು. ಅದರ ಮರುದಿನ ಒಂದು ರೊಟ್ಟಿ ಬಡಿದಳು. ಆಮೇಲೆ ನಾನು ಆ ಗೂಟದ ಮೇಲೇ ಬಿದ್ದುಕೊಂಡೆ. ಗೇಟಿನ ಸದ್ದಾದರೆ ಸಾಕು, ಓಡಿಬಂದು ಕೊರಳಿಗೆ ಸಿಕ್ಕಿಸಿಕೊಳ್ಳುವಳು. ಭಾರತಿ ಒಳಗೆ ಬಂದರೆ ಅತ್ತೆ ಗುಬ್ಬಿಯ ಹಾಗೆ ಕೂತಿರುವಳು.

ಭಾರತಿಯೇನು ಕುರುಡಿಯೇ? ಅವಳಿಗೂ ಅನುಮಾನ ಬಂತು.

"ಅತ್ತೀ, ಪಟ್ಟೀಗೆ ಹಿಟ್ಟು ಯಾಕ ಹತ್ತೇತ್ರಿ?"

"ಗಾಳಿಗೆ ಹಾರಿ ಬಂದಿರ್ತದ ಬಿಡು."

"ಹಿಟ್ಟಿನ ಡಬ್ಬಿ ಮುಚ್ಚೇತಲ್ರಿ. ಗಾಳಿ ಮುಚ್ಚಳಾ ತಗದ, ಹಿಟ್ಟ ತಗೊಂಡ, ಮತ್ತ ಮುಚ್ಚಿ ಹೋತೇನು?"

"ನಿಂದೊಂದು ಪೊಲೀಸ್ ಠಾಣೆ ಆತಲ್ಲವಾ ಮನ್ಯಾಗ!"

ಇಬ್ಬರೂ ನಕ್ಕರು. ಭಾರತಿ ಅತ್ತೆಯನ್ನು ಬಿಟ್ಟುಕೊಡಲಿಲ್ಲ. ಆದರೆ ನನಗೆ ನಗು ಬರಲಿಲ್ಲ. ಯಾಕಂದರೆ ದಿನಾ ಸಂಜೆ ನೀಲವ್ವ ಹಾಳೆ ತೆಗೆದು, ಪೆನ್ನು ಹಿಡಿದು, ಚೌಕದಲ್ಲಿ ಗೀಟು ಎಳೆಯುತ್ತಿದ್ದಳು. ಕಟ್ಟಿದ್ದೇನೆ ಅನ್ನುವ ಗೀಟನ್ನು ಕಟ್ಟದ ಆ ಬಲಗೈಯಿಂದಲೇ ಎಳೆಯುತ್ತಿದ್ದಳು.

ಒಮ್ಮೆ ಭಾರತಿ ಕೇಳಿಯೇಬಿಟ್ಟಳು. "ಸುಳ್ಳು ಗೀಟು ಯಾಕ್ರಿ? ಖಾಲಿ ಬಿಡ್ರಿ. ಖಾಲಿ ಬಿಡಬ್ಯಾಡ್ರಿ ಅಂತ ಅವರೇನ ಹೇಳಿಲ್ಲ."

"ಅಷ್ಟ ದೊಡ್ಡ ಮನಷ್ಯಾ ತನ್ನ ಕೈಯಾರೆ ಕೊಟ್ಟಾರವಾ. ಖಾಲಿ ಹಾಳಿ ಹೆಂಗ ಒಯ್ದ ಕೊಡ್ಲಿ? ಊಟಕ್ಕ ಕುಂದ್ರಿಸಿ ಬಡಸದ ಎಬ್ಬಿಸಿದಂಗ ಆಗ್ತದ. ಅವರಿಗೆ ಕೆಟ್ಟ ಅನಸ್ತದ."

ನೀಲವ್ವ ಕೆಟ್ಟವಳಲ್ಲ. ಮರ್ಯಾದೆಗೆ ಸುಳ್ಳು ಹೇಳುವ ಪೈಕಿ. ಆದರೂ ನಾನು ಗೂಟದ ಮೇಲೆ ತೂಗುತ್ತಾ ಕಾಯುತ್ತಿದ್ದೆ. ಇವಳ ಹೊಸ ಕೀಲು ಇಂದು ಜಾರುತ್ತದೆ, ನಾಳೆ ಜಾರುತ್ತದೆ, ಆಗ ನನ್ನ ಬೆಲೆ ಗೊತ್ತಾಗುತ್ತದೆ ಅಂತ. ಕೆಟ್ಟ ಯೋಚನೆ. ಒಪ್ಪಿಕೊಳ್ಳುತ್ತೇನೆ. ಕೀಲು ಜಾರಲಿಲ್ಲ. ಐದನೆಯ ವಾರಕ್ಕೆ ತನ್ನ ತುರುಬು ತಾನೇ ಕಟ್ಟಿಕೊಂಡಳು. ಆಗ ಮೊದಲ ಸಲ ನನಗೆ ನನ್ನ ಮೇಲೆಯೇ ಸಂಶಯ ಬಂತು. ನಾನಿಲ್ಲದೆಯೂ ಆಯಿತಲ್ಲ?

ಆರು ವಾರ ಕಳೆದ ಮೇಲೆ ಡಾಕ್ಟರ ಬಳಿಗೆ ಹೋದೆವು. ಅವತ್ತು ಮಾತ್ರ ನೀಲವ್ವ ನನ್ನನ್ನು ಮದುವೆಗೆ ಹೊರಟವರ ಹಾಗೆ ನೆಟ್ಟಗೆ ಕಟ್ಟಿಕೊಂಡಿದ್ದಳು. ಜೊತೆಗೆ ತಂಗಿ ಸಂಗವ್ವ ಬಂದಿದ್ದಳು. ಸಂಗವ್ವನಿಗೂ ಬಲಭುಜವೇ ಸವೆದಿತ್ತು. ಮೂರು ವರ್ಷದಿಂದ ತಲೆ ಬಾಚಲಾರಳು, ತಂಬಿಗೆ ಎತ್ತಲಾರಳು. ಅಕ್ಕನ ಕೈ ಹೇಗೆ ಬಂದಿದೆ ನೋಡಿ, ತನಗೂ ಆಪರೇಷನ್ ಮಾಡಿಸಬೇಕೋ ಬೇಡವೋ ತೀರ್ಮಾನಿಸಬೇಕಿತ್ತು.

ಡಾಕ್ಟರು ಹಾಳೆ ನೋಡಿದರು. ನಲವತ್ತೆರಡು ಚೌಕ, ನಲವತ್ತೆರಡು ಗೀಟು. ಸಂಗವ್ವನ ಕಡೆ ತಿರುಗಿದರು.

"ನೋಡ್ರಿ ನಿಮ್ಮ ಅಕ್ಕನ್ನ. ಒಂದ ದಿನಾನೂ ತಪ್ಪಿಲ್ಲ, ಕೈ ಎಷ್ಟ ಚಂದ ಬಂದೇತಿ. ನಿಮಗೂ ಹಿಂಗ. ಆಪರೇಷನ್ ಆದ ಮ್ಯಾಲ ಆರು ವಾರ ಕಟ್ಟಿಬಿಡೋಣು."

"ಹಂಗಾದ್ರ ನನಗ ಬ್ಯಾಡ್ರಿ ಸಾಹೇಬ್ರ," ಎಂದಳು ಸಂಗವ್ವ. "ನಮ್ಮನಿಯವರಿಗೆ ಕಣ್ಣು ಕಾಣಂಗಿಲ್ಲ. ಅವರ ಕೈ ಹಿಡದ ನಡಸಾಕಿ ನಾನು. ಒಂದ ಕೈಯಾಗ ಅವರು, ಒಂದ ಕೈ ಹೊಟ್ಟಿಗೆ ಕಟ್ಟಿದ್ರ, ಮೆಟ್ಟಲ ಹತ್ತೂಮುಂದ ಕಟಾಂಜನ ಯಾವ ಕೈಲೆ ಹಿಡೀಲಿ? ಇಬ್ಬರೂ ಬೀಳ್ತೀವಿ."

ನೀಲವ್ವ ಕೊರಳಲ್ಲಿದ್ದ ನನ್ನ ಪಟ್ಟಿಯನ್ನು ಇನ್ನಷ್ಟು ನೆಟ್ಟಗೆ ಎಳೆದುಕೊಂಡಳು. ಅವಳ ಎದೆ ಬಡಿದುಕೊಳ್ಳುವುದು ನನ್ನ ಬಟ್ಟೆಗೆ ತಾಗುತ್ತಿತ್ತು.

ಸಂಗವ್ವನ ಗಂಡ ಅಡಿವೆಪ್ಪನ ವಿಷಯ ಹೇಳಬೇಕು. ಹತ್ತಿ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಹತ್ತಿ ನೋಡಿದ ಮನುಷ್ಯ. ಒಂದು ಹಿಡಿ ಅರಳೆ ಎರಡು ಹೆಬ್ಬೆರಳ ನಡುವೆ ಎಳೆದು, ಎಳೆ ಎಷ್ಟುದ್ದ, ಒಣಗಿದೆಯೋ ತೂಕ ಹೆಚ್ಚಲೆಂದು ನೀರು ಹೊಡೆದಿದ್ದಾರೋ, ಹೇಳಿಬಿಡುವನು. ಹತ್ತು ವರ್ಷದ ಹಿಂದೆ ಕಣ್ಣು ಹೋಯಿತು, ಬೆರಳು ಹೋಗಲಿಲ್ಲ. ಈಗಲೂ ಸುಗ್ಗಿಯಲ್ಲಿ ವ್ಯಾಪಾರಿಗಳು ಕರೆಯುತ್ತಾರೆ. ಸಂಗವ್ವ ದಿನಾ ಬೆಳಿಗ್ಗೆ ಕೈ ಹಿಡಿದು ಅಲ್ಲಿಯವರೆಗೆ ಬಿಟ್ಟುಬರುತ್ತಾಳೆ. ಬೇರೆ ಯಾರಾದರೂ ಹಿಡಿದರೆ ಅವನು ನಡೆಯುವುದಿಲ್ಲ. "ಅವರು ಜಗ್ಗತಾರ. ಈಕಿ ಜಗ್ಗಂಗಿಲ್ಲ," ಅನ್ನುತ್ತಾನೆ. ಮನೆಯಲ್ಲಿ ಕೂತರೆ ಈ ಮನುಷ್ಯ ಕೂತಲ್ಲೇ ಒಣಗಿಹೋಗುತ್ತಾನೆ ಎಂದು ಸಂಗವ್ವನಿಗೆ ಗೊತ್ತು.

ಒಂದು ವಾರದ ಮೇಲೆ ನೀಲವ್ವ ನನ್ನನ್ನು ಚೀಲದಲ್ಲಿ ಹಾಕಿಕೊಂಡು ತಂಗಿಯ ಮನೆಗೆ ಹೋದಳು. ಹೇಗಾದರೂ ಒಪ್ಪಿಸಬೇಕೆಂದು.

"ಸಂಗೀ, ಆರು ವಾರ ಅಂದ್ರ ಏನ ಮಹಾ! ನಾ ಕಟಗೊಳ್ಳಲಿಲ್ಲೇನು? ಹೊಸಾದು ಯಾಕ, ನಂದ ತಗೊ."

"ಇಲ್ಲಿ ಕೊಡ್ರಿ ಅಕ್ಕಾವ್ರ, ನೋಡೋಣು ಏನ ಬಟ್ಟಿ," ಎಂದ ಅಡಿವೆಪ್ಪ.

ಅವನ ಕೈಗೆ ಹೋದೆ. ಅಂಥ ಬೆರಳುಗಳನ್ನು ನಾನು ಕಂಡಿರಲಿಲ್ಲ. ಮೊದಲು ಚೀಲದ ಮೂಲೆ ಮುಟ್ಟಿದ, ಮೊಣಕೈ ಕೂರುವ ಜಾಗ. ಆಮೇಲೆ ಕೊರಳ ಪಟ್ಟಿಯ ಸ್ಪಂಜು ಹಿಂಡಿದ, ಬಿಟ್ಟ, ಮತ್ತೆ ಹಿಂಡಿದ. ವೆಲ್ಕ್ರೊ ಮೇಲೆ ಹೆಬ್ಬೆರಳು ಆಡಿಸಿದ. ಮೂಗಿಗೆ ಹಿಡಿದು ವಾಸನೆ ನೋಡಿದ. ಆಮೇಲೆ ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡ.

"ಅಕ್ಕಾವ್ರ, ಇದು ಆರು ವಾರ ಮೈಮ್ಯಾಲ ಇದ್ದದ್ದಲ್ಲ. ಎಂಟು ದಿನ, ಬಾಳಂದ್ರ ಹತ್ತು."

"ಏನಂದ್ರಿ?"

"ಕೈ ಭಾರಕ್ಕ ಸ್ಪಂಜು ಕುಂದ್ರಬೇಕು. ಇದು ಹೊಸಾದರಂಗ ಉಬ್ಬಿ ಬರ್ತದ. ಮೊಣಕೈ ಕುಂದ್ರೂ ಮೂಲಿ ಸವದಿಲ್ಲ. ಬೆವರಿನ ವಾಸನಿ ಇಲ್ಲ, ಒಗ್ಗರಣಿ ವಾಸನಿ ಐತಿ."

"ಕಳ್ಳಿ ಅಂತೀರೇನು ನನ್ನ?" ನೀಲವ್ವನ ದನಿ ಏರಿತು.

"ನಾ ಏನ ಅಂದಿಲ್ರಿ. ಪಟ್ಟಿ ಹೇಳಾಕತ್ತೇತಿ."

ಹೌದು, ನಾನೇ ಹೇಳಿದ್ದು. ಬಾಯಿಲ್ಲದ ನನ್ನ ಮಾತನ್ನು ಕೇಳಿಸಿಕೊಂಡವನು ಅವನೊಬ್ಬನೇ.

ಸಂಗವ್ವ ಅಕ್ಕನ ಮುಖ ನೋಡುತ್ತಾ ನಿಂತಳು. ನೀಲವ್ವ ಸೆರಗಿನ ಅಂಚು ತಿರುವಿದಳು. ಪೂಜೆಯಿಂದ ಶುರುವಾಗಿ ರೊಟ್ಟಿಯವರೆಗೆ ಎಲ್ಲ ಹೇಳಿದಳು.

"ಹಂಗಾರ ನಾ ಆರು ವಾರ ಕೈ ಕಟಗೊಂಡ ಕುಂದ್ರಬೇಕಿತ್ತು. ನೀ ಮಾತ್ರ ಹತ್ತನೇ ದಿನಕ್ಕ ಪೂಜಿ ಪುನಸ್ಕಾರ, ರೊಟ್ಟಿ, ಎಲ್ಲಾ! ಸಾಹೇಬ್ರು ನಿನ್ನ ತೋರಿಸಿ ನನಗ ಬುದ್ಧಿ ಹೇಳ್ತಾರ, ನೀ ಬಾಯಾಗ ಬೆಲ್ಲಾ ಇಟಗೊಂಡ ನಿಂತಿದ್ದಿ."

"ಅವರ ಮುಂದ ಹೆಂಗ ಹೇಳ್ಲಿ ಸಂಗೀ? ನಾಚಿಕಿ ಬರ್ತದ."

"ಹತ್ತಿಗೆ ನೀರ ಹೊಡದ ತಂದಾವನೂ ಹಂಗ ಅಂತಿದ್ದ," ಎಂದ ಅಡಿವೆಪ್ಪ. "ಮಾರೂಮುಂದ ಬರದ ನಾಚಿಕಿ, ಸಿಕ್ಕ ಮ್ಯಾಲ ಬರ್ತಿತ್ತು."

ನೀಲವ್ವ ಅತ್ತಳು. ಆದರೆ ಮರುದಿನವೇ ಆಸ್ಪತ್ರೆಗೆ ಹೋದಳು. ತಂಗಿಯನ್ನೂ ಅಡಿವೆಪ್ಪನನ್ನೂ ಕರೆದುಕೊಂಡು, ನನ್ನನ್ನು ಸಾಕ್ಷಿಗೆ ಹಿಡಿದುಕೊಂಡು. ಬಾಗಿಲಲ್ಲಿ ನಿಂತೇ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಡಾಕ್ಟರು ಬೈಯಲಿಲ್ಲ. ಮೇಜಿನ ಖಾನೆಯಿಂದ ಒಂದು ಕಟ್ಟು ಹಾಳೆ ತೆಗೆದು ಹರಡಿದರು. ಎಲ್ಲದರಲ್ಲೂ ಎಲ್ಲ ಚೌಕ ತುಂಬಿತ್ತು.

"ನನಗ ಮೊದಲ ಸಂಶಯ ಇತ್ತು, ಅಮ್ಮಾವ್ರ. ಇಷ್ಟ ಮಂದಿ ವಯಸ್ಸಾದವರು ಒಂದ ದಿನಾನೂ ಬಿಚ್ಚದ ಇರೂದು ಖರೇನ? ಕೆಲವೊಂದು ಹಾಳ್ಯಾಗ ಆರು ವಾರದ ಗೀಟು ಒಂದ ದಿನಾ ಕುಂತು ಎಳದಂಗ ಕಾಣ್ತಾವ. ನೀವೆಲ್ಲಾ ನನಗ ಬ್ಯಾಸರ ಆಗಬಾರದಂತ ಬರದ ಕೊಟ್ರ, ನಾ ಹೆಂಗ ಕಲೀಲಿ? ನಿಮ್ಮ ಹಾಳಿ ನಂಬಿ ನಿಮ್ಮ ತಂಗಿನ ಕಟ್ಟಾಕ ಹೊಂಟಿದ್ದೆ."

"ಹಂಗಾರ ಕಟ್ಟೂದು ಬ್ಯಾಡೇನ್ರಿ?" ಕೇಳಿದಳು ಸಂಗವ್ವ.

ಡಾಕ್ಟರು ಹರಡಿದ ಹಾಳೆಗಳನ್ನು ಮತ್ತೆ ಕಟ್ಟು ಮಾಡಿದರು. "ಖರೆ ಹೇಳ್ಲೇನು? ನನಗೂ ಪೂರಾ ಗೊತ್ತಿಲ್ಲ. ನಿಮ್ಮ ಅಕ್ಕನ ಕೈ ಒಂದು ಚಲೋ ಆತಂತ ಎಲ್ಲಾರಿಗೂ ಬಿಚ್ಚರಿ ಅನ್ನಾಕ ಬರಂಗಿಲ್ಲ. ಹೊಸಾ ಕೀಲು ಜಾರಿದ್ರ ಮತ್ತ ಕೊಯ್ಯಬೇಕು. ಆದ್ರ ಕಟ್ಟಿದ್ದಕ್ಕೂ ತ್ರಾಸ ಐತಿ. ಹ್ವಾದ ವರ್ಷ ಒಬ್ಬ ಹಿರೇರು, ಕೈ ಕಟಗೊಂಡ ಬಚ್ಚಲದಾಗ ಕಾಲ ಜಾರಿದ್ರು. ಹಿಡಕೊಳ್ಳಾಕ ಕೈ ಇರಲಿಲ್ಲ. ತೊಡಿ ಎಲುಬು ಮುರೀತು."

ನಾನು ನೀಲವ್ವನ ಕೈಯಲ್ಲಿ ತಣ್ಣಗಾದೆ. ಆ ಹಿರಿಯರನ್ನು ಕಟ್ಟಿಹಾಕಿದ್ದು ಯಾರು? ನನ್ನಂಥದೇ ಇನ್ನೊಂದು ಪಟ್ಟಿ. ಅದೇ ಬಟ್ಟೆ, ಅದೇ ಹೊಲಿಗೆ. ಇಷ್ಟು ದಿನ ನಾನು ಎಲ್ಲರನ್ನೂ ಕಳ್ಳರೆಂದು ನೋಡುತ್ತಿದ್ದೆ. ನನ್ನ ಕಡೆಗೂ ಹಾಗೆ ನೋಡಬೇಕಾದೀತು ಎಂದು ಹೊಳೆದಿರಲಿಲ್ಲ.

ಕೊನೆಗೆ ಡಾಕ್ಟರು ಸಂಗವ್ವನಿಗೆ ಬೇರೆ ಲೆಕ್ಕ ಹೇಳಿದರು. ಮೊದಲ ವಾರ ಕಟ್ಟಬೇಕು. ಆಮೇಲೆ ಮನೆಯಲ್ಲಿ ಬಿಚ್ಚಬಹುದು. ಮಾರುಕಟ್ಟೆಯ ಗದ್ದಲದಲ್ಲಿ ಮಾತ್ರ ಕಟ್ಟಿಕೊಳ್ಳಬೇಕು, ಜನ ನೋಡಿ ದೂರ ಸರಿಯಲಿ ಅಂತ. ಆ ಕೈ ಊರಿ ಏಳಬಾರದು, ಬೆನ್ನ ಹಿಂದಕ್ಕೆ ಒಯ್ಯಬಾರದು, ಭಾರ ಎತ್ತಬಾರದು. "ಹಾಳಿ ಮಾತ್ರ ಖರೆ ಇರಲಿ. ಬಿಚ್ಚಿದ್ರ ಬಿಚ್ಚೀನಿ ಅಂತ ಇರಲಿ."

"ಹಾಳಿ ಬ್ಯಾಡ್ರಿ," ಎಂದ ಅಡಿವೆಪ್ಪ. "ನನಗ ಒಂದು ನೂಲು ಸಾಕು. ಕಟ್ಟಿದ ದಿನ ದಪ್ಪ ಗಂಟು, ಬಿಟ್ಟ ದಿನ ಸಣ್ಣ ಗಂಟು."

ಡಾಕ್ಟರು ನಕ್ಕರು. ಆದರೆ ಒಪ್ಪಿದರು.

ಸಂಗವ್ವನ ಆಪರೇಷನ್ ಆಯಿತು. ನನ್ನನ್ನೇ ಕಟ್ಟಿದರು. ಮೊದಲ ವಾರ ಅಡಿವೆಪ್ಪ ಮನೆ ಬಿಟ್ಟು ಹೊರಡಲಿಲ್ಲ. ಗೋಡೆಗೆ ಒರಗಿ ಕೂತು, ಸಂಜೆ ನೂಲಿಗೆ ಒಂದು ದಪ್ಪ ಗಂಟು ಹಾಕುವನು. ಹಾಕುವ ಮುಂಚೆ ಹೆಂಡತಿಯ ಕೊರಳ ಹತ್ತಿರ ಕೈ ಚಾಚಿ ನಾನಿದ್ದೇನೋ ಇಲ್ಲವೋ ಮುಟ್ಟಿ ನೋಡುವನು. "ನನ್ನ ಮ್ಯಾಲೂ ಸಂಶಯಾನ?" ಎಂದರೆ, "ನೀ ಆಕಿ ತಂಗಿ ಅಲ್ಲೇನು?" ಅನ್ನುವನು.

ಎರಡನೆಯ ವಾರದಿಂದ ಮಾರುಕಟ್ಟೆ ಶುರುವಾಯಿತು. ಎಡಗೈಯಲ್ಲಿ ಗಂಡ, ಬಲಗೈಗೆ ನಾನು. ಹಾದಿ ಉದ್ದಕ್ಕೂ ಪರವಾಗಿಲ್ಲ. ಮಾರುಕಟ್ಟೆಯ ಬಾಗಿಲಲ್ಲಿ ನಾಲ್ಕು ಮೆಟ್ಟಿಲು, ಪಕ್ಕದಲ್ಲಿ ಗಟಾರ. ಅಲ್ಲಿ ಸಂಗವ್ವ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಹತ್ತುತ್ತಿದ್ದಳು. ಹಿಡಿದು ಹತ್ತುವ ಕಟಾಂಜನ ಬಲಗಡೆ ಇತ್ತು, ಬಲಗೈ ನನ್ನೊಳಗಿತ್ತು.

ಇಪ್ಪತ್ಮೂರನೆಯ ದಿನ ಅವಳು ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಬಿಚ್ಚಿದಳು. ಬಿಚ್ಚಿ ಕೈಚೀಲದಲ್ಲಿ ತುರುಕಿದಳು. ಬಲಗೈ ಕಟಾಂಜನದ ಮೇಲೆ ಇಟ್ಟಳು. ಎರಡು ಮೆಟ್ಟಿಲು ಹತ್ತಿದರು. ಹಿಂದಿನಿಂದ ಹತ್ತಿ ಮೂಟೆ ತುಂಬಿದ ಟೆಂಪೊ ಜೋರಾಗಿ ಹಾರ್ನ್ ಹೊಡೆಯಿತು. ಅಡಿವೆಪ್ಪ ಬೆಚ್ಚಿ ಗಟಾರದ ಕಡೆ ಹೆಜ್ಜೆ ಇಟ್ಟ. ಎಡಗೈಯ ಹಿಡಿತ ತಪ್ಪಿತು. ಸಂಗವ್ವ ಬಲಗೈ ಚಾಚಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿದಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅವಳು "ಯವ್ವಾ" ಎಂದು ಭುಜ ಹಿಡಿದುಕೊಂಡಳು.

ಚೀಲದೊಳಗಿದ್ದ ನನಗೆ ಆ ಕೂಗು ಕೇಳಿಸಿತು. ನಾನು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂದುಕೊಂಡೆ. ಮರುಗಳಿಗೆಯೇ, ನಾನು ಇದ್ದಿದ್ದರೆ ಅವನು ಎಲ್ಲಿರುತ್ತಿದ್ದ ಅಂದುಕೊಂಡೆ.

ಡಾಕ್ಟರು ಅವತ್ತು ಪರ ಊರಿಗೆ ಹೋಗಿದ್ದರು, ಆಸ್ಪತ್ರೆಯವರು ಮರುದಿನ ಬರಲು ಹೇಳಿದರು. ಸಂಜೆ ನೀಲವ್ವ ಓಡಿಬಂದಳು. ಸಂಗವ್ವ ಭುಜಕ್ಕೆ ದಿಂಬು ಕೊಟ್ಟು ಕೂತಿದ್ದಳು. ಅಡಿವೆಪ್ಪನ ಕೈಯಲ್ಲಿ ನೂಲಿತ್ತು.

"ಅಡಿವೆಪ್ಪಾರ, ಇವತ್ತ ದಪ್ಪ ಗಂಟ ಹಾಕ್ರಿ," ಎಂದಳು ನೀಲವ್ವ ಪಿಸುಮಾತಿನಲ್ಲಿ. "ಗದ್ದಲದಾಗ ಕಟ್ಟಬೇಕಂತ ಹೇಳಿದ್ರು, ಈಕಿ ಬಿಚ್ಯಾಳ. ಕೀಲು ಜಾರಿದ್ರ ತಪ್ಪೆಲ್ಲಾ ಈಕಿ ತಲಿಮ್ಯಾಲ ಬರ್ತದ."

ಅಡಿವೆಪ್ಪ ನೂಲನ್ನು ಬೆರಳಿಗೆ ಸುತ್ತಿದ, ಬಿಡಿಸಿದ, ಮತ್ತೆ ಸುತ್ತಿದ. ಹಾಕುತ್ತಾನೆ, ದಪ್ಪದ್ದೇ ಹಾಕುತ್ತಾನೆ ಎಂದು ನನಗೆ ಅನುಮಾನವೇ ಇರಲಿಲ್ಲ. ತನ್ನನ್ನು ಉಳಿಸಿದ ಹೆಂಡತಿ. ಒಂದು ಗಂಟಿನಲ್ಲಿ ಏನಿದೆ? ಎರಡು ಸುತ್ತು ಜಾಸ್ತಿ ಸುತ್ತಿದರೆ ಮುಗಿಯಿತು.

"ಏನ್ರೀ," ಎಂದಳು ಸಂಗವ್ವ. "ಇದ್ದದ್ದ ಹಾಕ್ರಿ."

ಅವನು ಒಂದೇ ಸುತ್ತು ಸುತ್ತಿ ಎಳೆದ. ಸಣ್ಣ ಗಂಟು. ಆಮೇಲೆ ಅದರ ಮೇಲೆ ಬಹಳ ಹೊತ್ತು ಹೆಬ್ಬೆರಳು ಇಟ್ಟುಕೊಂಡೇ ಇದ್ದ.

ಮರುದಿನ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕೀಲು ಇದ್ದಲ್ಲೇ ಇತ್ತು. ಸ್ನಾಯು ಮಾತ್ರ ಉಳುಕಿತ್ತು. ಡಾಕ್ಟರು ನೂಲು ಕೇಳಿ ಇಸಕೊಂಡು, ಗಂಟುಗಳ ಮೇಲೆ ಬೆರಳು ಆಡಿಸಿದರು.

"ನಿನ್ನೆ?"

"ಸಣ್ಣದ್ರೀ," ಎಂದ ಅಡಿವೆಪ್ಪ.

"ಕಟಗೊಂಡಿದ್ರ ನೋವು ಆಗ್ತಿರಲಿಲ್ಲಮ್ಮಾ."

"ಕಟಗೊಂಡಿದ್ರ ಇವರು ಗಟಾರದಾಗ ಇರ್ತಿದ್ರು ಸಾಹೇಬ್ರ."

"ನಿನ್ನೆ ಕೀಲು ಜಾರಿದ್ರ ನೀವು ಮತ್ತ ನನ್ನ ಟೇಬಲ್ ಮ್ಯಾಲ ಇರ್ತಿದ್ರಿ." ಡಾಕ್ಟರು ಪೆನ್ನು ತೆಗೆದರು. "ಎರಡೂ ಬರ್ಕೋತೀನಿ. ಇಷ್ಟ ದಿನದಾಗ ನನ್ನ ಕೈಗೆ ಬಂದ ಮೊದಲನೇ ಖರೆ ಲೆಕ್ಕ ಇದು."

ಆರು ವಾರಕ್ಕೆ ನಲವತ್ತೆರಡು ಗಂಟು ಮುಗಿದವು. ದಪ್ಪವು ಇಪ್ಪತ್ನಾಲ್ಕು, ಸಣ್ಣವು ಹದಿನೆಂಟು. ಡಾಕ್ಟರು ಆ ನೂಲನ್ನು ಸಂಗವ್ವನ ಫೈಲಿಗೆ ಪಿನ್ನು ಹಾಕಿ ಇಟ್ಟುಕೊಂಡರಂತೆ. ಭುಜ ನೀಲವ್ವನದರಷ್ಟು ಎತ್ತರಕ್ಕೆ ಏಳಲಿಲ್ಲ, ಆದರೆ ತಲೆ ಬಾಚಿಕೊಳ್ಳುವಷ್ಟು ಎದ್ದಿತು. ಕಡಿಮೆಯಾದದ್ದು ನನ್ನಿಂದಲೋ, ನಾನಿಲ್ಲದ್ದರಿಂದಲೋ, ಆ ಉಳುಕಿನಿಂದಲೋ? ಅದೂ ಗೊತ್ತಿಲ್ಲ. ಇನ್ನೂ ಬಹಳ ಜನರ ಖರೆ ಲೆಕ್ಕ ಸೇರಬೇಕು ಎಂದು ಡಾಕ್ಟರು ಹೇಳುತ್ತಾರಂತೆ.

ಈಗ ನಾನು ಸಂಗವ್ವನ ಮನೆಯ ಪಡಸಾಲೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ಇದ್ದೇನೆ. ವೆಲ್ಕ್ರೊಗೆ ನೂಲಿನ ಎಳೆ, ಕೂದಲು ಎಲ್ಲ ಅಂಟಿ ಹಿಡಿತ ಹೋಗಿದೆ. ಸ್ಪಂಜು ಕುಸಿದಿದೆ. ವಯಸ್ಸಾಯಿತು. ಕೈ ವಾಸಿ ಮಾಡುವುದು ನಾನೇ ಎಂದು ಬೀಗುತ್ತಿದ್ದ ಕಾಲ ಒಂದಿತ್ತು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಕೆಲವರಿಗೆ ಕೆಲವು ದಿನ ಆಸರೆ ಆಗಿದ್ದೇನು. ಅದಕ್ಕಿಂತ ಜಾಸ್ತಿ ದಿನ ಕೊರಳಲ್ಲಿ ಕೂತರೆ ಹಗ್ಗವೂ ಆಗಿದ್ದೇನು.

ಇವತ್ತು ಬೆಳಿಗ್ಗೆಯೂ ಅವರು ಮಾರುಕಟ್ಟೆಗೆ ಹೊರಟರು. ಸಂಗವ್ವ ಚಪ್ಪಲಿ ಮೆಟ್ಟಿದಳು. ಮೊಳೆಯ ಕಡೆ ಒಂದು ಸಲ ನೋಡಿದಳು. ಆರು ವಾರ ಮುಗಿದ ಮೇಲೂ, ಗದ್ದಲ ಇದ್ದರೆ ಇರಲಿ ಎಂದು ದಿನಾ ನನ್ನನ್ನು ಚೀಲದಲ್ಲಿ ಒಯ್ಯುತ್ತಿದ್ದಳು. ಹೊರಗಿನಿಂದ ಅಡಿವೆಪ್ಪನ ದನಿ ಬಂತು.

"ಯಾಕ, ಈ ಮಗ್ಗಲಿಗೆ ಬಂದಿ?"

"ಎಡಗೈಗೆ ಸಾಕಾಗೇತ್ರಿ. ಇನ್ನ ಈ ಬಲಗೈ ಹಿಡೀಲಿ."

ಅಗಳಿ ಬಿದ್ದ ಸದ್ದಾಯಿತು. ಮರೆತು ಹೋದಳು, ಓಣಿಯ ತಿರುವಿನಿಂದ ತಿರುಗಿ ಬಂದಾಳು ಎಂದು ನಾನು ಬಹಳ ಹೊತ್ತು ಬಾಗಿಲನ್ನೇ ನೋಡುತ್ತಿದ್ದೆ. ಬರಲಿಲ್ಲ.